ವಂದನಾರ್ಪಣೆಯ ವಯಸ್ಸು

ವಿಶ್ವವಿದ್ಯಾಲಯದ ಮೇಷ್ಟರ ವಯಸ್ಸು ತಿಳಿಯಬೇಕಾದರೆ ಅವರ ತಲೆಗೂದಲನ್ನು ನೋಡಬೇಡಿ. ಅದು ಬಣ್ಣದ ಪೊಟ್ಟಣದ ಮಾತು ಕೇಳುತ್ತದೆ. ಜನ್ಮದಿನಾಂಕವನ್ನೂ ಕೇಳಬೇಡಿ, ನಮ್ಮ ಕಾಲದವರನ್ನೆಲ್ಲ ಶಾಲೆಗೆ ಸೇರಿಸಿಕೊಂಡ ಮಾಸ್ತರರು ಸಾರಾಸಗಟಾಗಿ ಜೂನ್ ಒಂದನೆಯ ತಾರೀಖಿಗೇ ಹುಟ್ಟಿಸಿಬಿಟ್ಟಿದ್ದಾರೆ. ನೋಡಬೇಕಾದದ್ದು ವಿಚಾರಸಂಕಿರಣದ ಆಮಂತ್ರಣ ಪತ್ರಿಕೆಯನ್ನು. ಪ್ರಾರ್ಥನೆ ಹಾಡುವವಳು ಎಂ.ಎ. ಓದುವ ಹುಡುಗಿ. ನಿರೂಪಣೆ ಮಾಡುವವರು ಇನ್ನೂ ಕಾಯಂ ಆಗದ ಉಪನ್ಯಾಸಕರು. ಅವರ ದನಿಯಲ್ಲೇ ಅದು ಗೊತ್ತಾಗುತ್ತದೆ. ಅತಿಥಿಗಳ ಪರಿಚಯ ಮಾಡುವವರು ಕಾಯಂ ಆಗಿ, ಮದುವೆಯಾಗಿ, ಫ್ಲ್ಯಾಟ್ ಹುಡುಕುತ್ತಿರುವವರು. ಅಧ್ಯಕ್ಷತೆ ವಹಿಸುವವರಿಗೆ ಮೊಣಕಾಲು ನೋವು ಬಂದಿರುತ್ತದೆ. ದೀಪ ಬೆಳಗಿಸುವವರನ್ನು ಎರಡೂ ಕಡೆಯಿಂದ ಯಾರಾದರೂ ಹಿಡಿದುಕೊಂಡಿರುತ್ತಾರೆ. ಅದರಾಚೆಗೆ ಉಳಿದದ್ದು ಹಾರ ಹಾಕಿಸಿಕೊಂಡ ಫೋಟೊ. ಭಾಷಣ ಮಾಡುವುದಿಲ್ಲವೆಂಬ ಒಂದೇ ಕಾರಣಕ್ಕೆ ಇಡೀ ಸಭೆಯಲ್ಲಿ ಅದನ್ನು ಕಂಡರೆ ಎಲ್ಲರಿಗೂ ಪ್ರೀತಿ. ಪರಿಚಯ ಮಾಡಿಕೊಡುವ ಪ್ರಾಯ ಮುಗಿದು ಅಧ್ಯಕ್ಷತೆಯ ಪ್ರಾಯ ಬಾರದೆ ನಡುವೆ ಸಿಕ್ಕಿಕೊಂಡವರಿಗೆಂದೇ ಪತ್ರಿಕೆಯ ತೀರ ಕೆಳಗೆ, ಮುದ್ರಣಾಲಯದ ಹೆಸರಿಗಿಂತ ಒಂದು ಸಾಲು ಮೇಲೆ, ಒಂದು ಜಾಗವಿದೆ: ವಂದನಾರ್ಪಣೆ. ನಾನು ಹದಿನೆಂಟು ವರ್ಷಗಳಿಂದ ಆ ಸಾಲಿನಲ್ಲಿ ನಿಂತಿದ್ದೇನೆ.

ನನ್ನ ಹೆಸರು ಬಿರಾದಾರ. ಪುಣೆಯ ಒಂದು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಸಹ ಪ್ರಾಧ್ಯಾಪಕ. ಈ ‘ಸಹ’ ಎಂಬ ಎರಡಕ್ಷರವನ್ನು ಕಳಚಿ ಎಸೆಯಲು ಮೂರು ಸಲ ಸಂದರ್ಶನಕ್ಕೆ ಹೋಗಿ ಮೂರು ಸಲವೂ ಅದನ್ನು ಮನೆಗೆ ವಾಪಸು ತಂದಿದ್ದೇನೆ. ಹಾಗೆಂದು ನನ್ನನ್ನು ಪೆದ್ದನೆಂದು ತಿಳಿಯಬೇಡಿ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಹದಿನೇಳನೆಯ ವಯಸ್ಸಿಗೆ ಈ ಊರಿಗೆ ಬಂದು, ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ದಲಾಲರ ಅಡತಿ ಅಂಗಡಿಯಲ್ಲಿ ಬೆಳಿಗ್ಗೆ ಚೀಲ ಹೊಲಿದು, ಮಧ್ಯಾಹ್ನ ಸೀನುತ್ತಲೇ ಕಾಲೇಜಿಗೆ ಹೋಗಿ ಓದಿದವನು ನಾನು. ಚೌಕಾಸಿಯ ವಿದ್ಯೆ ಕಲಿತದ್ದು ಅಲ್ಲೇ. ಆಗ ಹಳೆಯ ವ್ಯಾಪಾರಿಗಳು ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿಯೇ ದರ ಹೇಳುತ್ತಿದ್ದರು. ಬಾಯಿ ಮಳೆಯ ವಿಷಯ ಮಾತಾಡುತ್ತಿರುತ್ತದೆ, ಟವೆಲಿನ ಕೆಳಗೆ ಯುದ್ಧ ನಡೆಯುತ್ತಿರುತ್ತದೆ. ನನ್ನ ಪಿಎಚ್.ಡಿ. ಆ ಟವೆಲಿನ ಮೇಲೆಯೇ. ಅಂದಿನಿಂದ ಇಂದಿನವರೆಗೆ, ಒಂದೇ ಒಂದು ಸಂಜೆ ಬಿಟ್ಟರೆ, ಹೇಳಿದ ಬೆಲೆಗೆ ನಾನು ಏನನ್ನೂ ಕೊಂಡಿಲ್ಲ. ನಿಮಗೂ ಒಂದು ಮಾತು ಹೇಳುತ್ತೇನೆ, ಪುಕ್ಕಟೆಯಾಗಿ: ಬದನೆಕಾಯಿ ಬೇಕಾಗಿದ್ದರೆ ಮೊದಲು ಕುಂಬಳಕಾಯಿಯ ಬೆಲೆ ಕೇಳಿ. ಬೇಕಾದ ವಸ್ತುವಿನ ಕಡೆ ಕಣ್ಣು ಹಾಯಿಸಲೇಬೇಡಿ. ಈ ಸೂತ್ರವನ್ನು ನಾನು ಯಾರಿಗೆ ಹೇಳಿದರೂ ನನ್ನ ಹೆಂಡತಿ ಶೈಲಾ, “ನಮ್ಮಪ್ಪಗ ಇದನ್ನ ಯಾರೂ ಹೇಳಲಿಲ್ಲ ನೋಡ್ರಿ. ಸೀದಾ ಬಂದು ನಿಮ್ಮನ್ನ ನೋಡಿ, ಸೀದಾ ಹೂಂ ಅಂದುಬಿಟ್ಟ” ಎಂದು ನಿಟ್ಟುಸಿರು ಬಿಡುತ್ತಾಳೆ.

ಐವತ್ತರ ಆಸುಪಾಸಿನಲ್ಲಿ ನಮ್ಮ ಕ್ಯಾಂಪಸ್ಸಿನ ಗಂಡಸರಿಗೆ ಒಂದು ಥರದ ಬಾಧೆ ತಗಲುತ್ತದೆ. ಮುಂದಿನ ಹುದ್ದೆ ಸಿಗುವ ಲಕ್ಷಣವಿರುವುದಿಲ್ಲ, ನಿವೃತ್ತಿ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ. ಆಗ ಮನುಷ್ಯ ಏನಾದರೂ ಕೊಳ್ಳುತ್ತಾನೆ. ರಸಾಯನಶಾಸ್ತ್ರದ ಒಬ್ಬರು ಗೇರು ಸೈಕಲ್ ಕೊಂಡು ಪ್ರತಿ ಭಾನುವಾರ ಸಿಂಹಗಡದ ಬುಡದವರೆಗೆ ಹೋಗಿ, ಅಲ್ಲಿಂದ ಟೆಂಪೊದಲ್ಲಿ ಸೈಕಲ್ಲನ್ನೂ ತಮ್ಮನ್ನೂ ಹೇರಿಕೊಂಡು ಬರುತ್ತಾರೆ. ಇತಿಹಾಸದವರೊಬ್ಬರು ಕೊಳಲು ಕಲಿಯುತ್ತಿದ್ದಾರೆ. ಅವರ ಪಕ್ಕದ ಕೊಠಡಿಯವರು ಬೇರೆ ಕೊಠಡಿಗೆ ಅರ್ಜಿ ಕೊಟ್ಟಿದ್ದಾರೆ. ಇವರಿಗೆಲ್ಲ ನಾನು ಧಾರಾಳವಾಗಿ ಬುದ್ಧಿ ಹೇಳಿದವನೇ. ‘ವಯಸ್ಸು ಅನ್ನೂದು ಮನಸ್ಸಿನಾಗ ಅದರಿ’ ಎಂದು ಕ್ಯಾಂಟೀನಿನಲ್ಲಿ ಸಾರುತ್ತಿದ್ದೆ. ನನಗೆ ಮಾತ್ರ ಬಾಧೆ ತಟ್ಟಿಲ್ಲವೆಂದೇ ನಂಬಿದ್ದೆ.

ತಟ್ಟಿದ್ದು ವಾಕಡದ ನಮ್ಮ ಸೊಸೈಟಿಯ ಎದುರಿನ ತರಕಾರಿ ಅಂಗಡಿಯಲ್ಲಿ. ಒಂದು ಸಂಜೆ ಶೈಲಾ ಜೊತೆಗಿದ್ದಳು. ನಾನು ಕುಂಬಳಕಾಯಿ ವಿಚಾರಿಸುತ್ತಿದ್ದೆ. ಒಬ್ಬಳು ಹೆಣ್ಣುಮಗಳು, ಕೊರಳಲ್ಲಿ ಐಟಿ ಕಂಪನಿಯ ಪಟ್ಟಿ, ಕೈಯಲ್ಲಿ ಮಗು, ನನ್ನನ್ನು ಕಂಡು ಅರಳಿದಳು. ನನ್ನ ಹಳೆಯ ವಿದ್ಯಾರ್ಥಿನಿಯಂತೆ. ಗಂಡನನ್ನು ಕರೆದು ಮರಾಠಿಯಲ್ಲಿ ಪರಿಚಯ ಮಾಡಿಕೊಟ್ಟಳು: “ಇವರೇ ನೋಡು, ನಮ್ಮ ಆಭಾರ ಸರ್!” ಮರಾಠಿಯಲ್ಲಿ ವಂದನಾರ್ಪಣೆಗೆ ಆಭಾರ ಅನ್ನುತ್ತಾರೆ. ನಾನು ಅವಳಿಗೆ ಎರಡು ವರ್ಷ ಮಾರುಕಟ್ಟೆಯ ಸಿದ್ಧಾಂತ ಕಲಿಸಿದ್ದೆ. ಏನು ನೆನಪಿದೆಯಮ್ಮಾ ಎಂದು ಕೇಳಿದೆ. ಅವಳು ಪಾಪ, ಬಹಳ ಹೊತ್ತು ಯೋಚಿಸಿ, “ಸರ್, ನೀವು ಜನರೇಟರಿನವರಿಗೂ ಥ್ಯಾಂಕ್ಸ್ ಹೇಳುತ್ತಿದ್ದಿರಿ” ಎಂದಳು. ಆಮೇಲೆ ಬದನೆಕಾಯಿಯನ್ನು ನಾನು ಹೇಳಿದ ಬೆಲೆಗೇ ಕೊಂಡೆನೆಂದರೆ ನನ್ನ ಸ್ಥಿತಿಯನ್ನು ನೀವು ಊಹಿಸಬಹುದು. ಕ್ಷಮಿಸಿ, ಅಂಗಡಿಯವನು ಹೇಳಿದ ಬೆಲೆಗೆ.

ಲಿಫ್ಟಿನಲ್ಲಿ ಶೈಲಾ ನಕ್ಕಳು. “ಹದಿನೆಂಟು ವರ್ಷ ಊರಿಗೆಲ್ಲಾ ಥ್ಯಾಂಕ್ಸ್ ಹೇಳಿದ್ರಿ. ಮನ್ಯಾಗ ಒಂದಿನ ಚಹಾ ಕೊಟ್ಟಿದ್ದಕ್ಕ ಹೇಳೀರೇನು?”

“ಮನ್ಯಾಗ ಮೈಕ್ ಎಲ್ಲಿ ಅದ?” ಎಂದೆ. ಆದರೆ ಆ ಮಾತಿನಲ್ಲಿ ಜೀವವಿರಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಹೊಳೆದಿತ್ತು. ಕುಲಪತಿಗಳಿಂದ ಹಿಡಿದು ಕುರ್ಚಿ ಜೋಡಿಸಿದವರವರೆಗೆ ಎಲ್ಲರ ಹೆಸರನ್ನೂ ಹೇಳಿದ್ದೇನಲ್ಲ, ಆ ವೇದಿಕೆಯಿಂದ ನನ್ನ ಹೆಸರನ್ನು ಯಾರು ಹೇಳಿದ್ದಾರೆ? ವಂದಿಸುವವನು ತನ್ನನ್ನು ತಾನು ವಂದಿಸಿಕೊಳ್ಳುವಂತಿಲ್ಲ. ಸಭೆಯಲ್ಲಿ ಇದ್ದವರಲ್ಲಿ ಹೆಸರು ಬಾರದ ಒಬ್ಬನೇ ಒಬ್ಬ ಮನುಷ್ಯ ನಾನು. ಅಂದೇ ನಿಶ್ಚಯ ಮಾಡಿದೆ: ಒಂದೇ ಒಂದು ಸಲ ಬೆಳಗಿನ ಮುಖ್ಯ ಭಾಷಣ ನಾನು ಮಾಡಬೇಕು, ಸಂಜೆ ಇನ್ನೊಬ್ಬರು ಮೈಕಿನ ಮುಂದೆ ನಿಂತು ‘ಬಿರಾದಾರ ಸರ್ ಅವರಿಗೆ ಧನ್ಯವಾದಗಳು’ ಎನ್ನಬೇಕು, ನಾನು ಮೊದಲ ಸಾಲಿನಲ್ಲಿ ಕುಳಿತು ಅರ್ಧ ಎದ್ದು ಕೈಮುಗಿಯಬೇಕು. ಉಳಿದವರು ಸೈಕಲ್ ಕೊಂಡರು, ನನಗೆ ಇದು ಬೇಕಾಯಿತು. ಸೈಕಲ್ಲೇ ಸುಲಭವಿತ್ತು.

ಅವಕಾಶ ಮುಂದಿನ ತಿಂಗಳೇ ಬಂತು. ನಮ್ಮ ವಿಭಾಗದ ವಿಚಾರಸಂಕಿರಣಕ್ಕೆ ಮೂರು ದಿನ ಉಳಿದಿರುವಾಗ ಮುಖ್ಯ ಭಾಷಣಕ್ಕೆ ಒಪ್ಪಿದ್ದ ದಿಲ್ಲಿಯ ವಿದ್ವಾಂಸರು ತಲೆಸುತ್ತು ಎಂದು ಫೋನು ಮಾಡಿದರು. ಸುದ್ದಿ ಕೇಳಿದ ಕೂಡಲೇ ನಾನು ವಿಭಾಗದ ಮುಖ್ಯಸ್ಥೆ ಜೋಗಳೇಕರ ಬಾಯಿಯವರ (ಈ ಊರಿನಲ್ಲಿ ಮೇಡಮ್ಮಿಗೆ ಬಾಯಿ ಅನ್ನುತ್ತಾರೆ) ಕೋಣೆಗೆ ಹೋಗಿ ಪಾರ್ಕಿಂಗ್ ಸಮಸ್ಯೆಯ ಬಗ್ಗೆ ಮಾತಾಡಿದೆ. ಸೂತ್ರ ನೆನಪಿದೆಯಲ್ಲ? ಪಾರ್ಕಿಂಗ್ ಮುಗಿದ ಮೇಲೆ ಒಳಾಂಗಣದ ಗಿಡಗಳಿಗೆ ಬಂದೆ. ಆಮೇಲೆ, ಮುಂದಿನ ವರ್ಷದಿಂದ ಇಡೀ ಸಂಕಿರಣದ ನಿರ್ದೇಶಕತ್ವವನ್ನೇ ನನಗೆ ವಹಿಸಬೇಕೆಂದು ಕೇಳಿದೆ. ಬಾಯಿಯವರು ಕನ್ನಡಕ ತೆಗೆದರು. “ಅಹೋ ಬಿರಾದಾರ ಸರ್, ಅದೆಲ್ಲಿ ಸಾಧ್ಯ?”

“ಹೋಗಲಿ ಬಿಡಿ,” ಎಂದು ಎದ್ದು ಬಾಗಿಲವರೆಗೆ ಹೋಗಿ, ಆಗಷ್ಟೇ ನೆನಪಾದವನಂತೆ ತಿರುಗಿದೆ. “ಹಾಗಾದರೆ ಆ ಬೆಳಗಿನ ಭಾಷಣವನ್ನಾದರೂ ನಾನೇ ಮಾಡಿಬಿಡಲೇ?”

“ಮಾಡಿ,” ಎಂದರು ಬಾಯಿಯವರು.

ಅಷ್ಟೇ. ಚೌಕಾಸಿ ಮಾಡುವವನಿಗೆ ಇದಕ್ಕಿಂತ ದೊಡ್ಡ ದುಃಖವಿಲ್ಲ. ಎದುರಿನವರು ತಕ್ಷಣ ಒಪ್ಪಿದರೆಂದರೆ ನೀವು ಕಡಿಮೆ ಕೇಳಿದ್ದೀರಿ ಎಂದೇ ಅರ್ಥ. ಅವರು ನನಗಿಂತ ಮೊದಲು ನಾಲ್ಕು ಜನರಿಗೆ ಫೋನು ಮಾಡಿ ಬೇಸತ್ತಿದ್ದರೆಂದು ಆಮೇಲೆ ತಿಳಿಯಿತು. ಜೊತೆಗೆ ಎರಡು ಷರತ್ತು: ಊಟದ ವ್ಯವಸ್ಥೆ ಎಂದಿನಂತೆ ನನ್ನದೇ, ಮತ್ತು ವಂದನಾರ್ಪಣೆಗೆ ಒಬ್ಬರನ್ನು ನಾನೇ ಹುಡುಕಬೇಕು.

ಹುಡುಕಿದ್ದು ಚೇತನನನ್ನು. ಮೈಸೂರಿನ ಕಡೆಯ ಹುಡುಗ, ಮೂವತ್ತಮೂರು ವಯಸ್ಸು, ನಮ್ಮ ವಿಭಾಗಕ್ಕೆ ಬಂದು ಎರಡು ವರ್ಷ. ಕನ್ನಡದವನೆಂದು ನನಗೆ ಸಲಿಗೆ.

“ವೋಟ್ ಆಫ್ ಥ್ಯಾಂಕ್ಸಾ? ಬೇಡ ಸರ್ ಪ್ಲೀಸ್. ಅದು ಒಂದ್ಸಲ ಅಂಟ್ಕೊಂಡ್ರೆ ಬಿಡಲ್ಲ. ನಿಮ್ಮನ್ನೇ ನೋಡಿ.”

“ಒಂದೇ ಸಲ ತಮ್ಮಾ. ನಾಳೆ ನಿನಗ ಉಪಯೋಗ ಆಗ್ತದ. ಎಲ್ಲಾರ ಕಣ್ಣಾಗ ಬೀಳ್ತಿ.”

“ಸರ್, ಅದಿರ್ಲಿ. ಹೊಸ ಪ್ರಿಂಟರ್ ನಿಮ್ಮ ರೂಮಲ್ಲೇ ಯಾಕಿದೆ?” ಎಂದ. ಪ್ರಿಂಟರಿನ ವಿಷಯ ಹತ್ತು ನಿಮಿಷ ನಡೆಯಿತು. ಆಮೇಲೆ ಕಿಟಕಿಯ ಪಕ್ಕದ ಕಪಾಟಿಗೆ ಬಂದ. ಕೊನೆಗೆ ಎದ್ದು ಹೊರಟವನು ತಿರುಗಿ, “ಹೋಗ್ಲಿ ಸರ್, ನನ್ನ ಶನಿವಾರ ಎಂಟು ಗಂಟೆ ಕ್ಲಾಸು ಈ ಸೆಮಿಸ್ಟರ್ ಪೂರ್ತಿ ನೀವು ತಗೊಂಡ್ರೆ ಮಾಡ್ತೀನಿ” ಎಂದ. ನಾನು ತಕ್ಷಣ ಒಪ್ಪಿದೆ. ಒಪ್ಪಿದ ಮೇಲೆ ಹೊಳೆಯಿತು, ಈ ಹುಡುಗ ನನ್ನ ಸೂತ್ರವನ್ನು ಕ್ಯಾಂಟೀನಿನಲ್ಲಿ ಕೇಳಿಸಿಕೊಂಡಿದ್ದಾನೆ. ಬುದ್ಧಿ ಹೇಳುವ ಚಟವಿರುವವರು ಕೇಳಿಸಿಕೊಳ್ಳುವವರ ವಯಸ್ಸು ನೋಡಿ ಹೇಳಬೇಕು.

“ಆದ್ರೆ ಬರ್ಕೊಡ್ಬೇಕು ಸರ್. ಈ ಮರಾಠಿ ಸರ್‌ನೇಮ್‌ಗಳೆಲ್ಲ ನಂಗೆ ಕನ್‌ಫ್ಯೂಸ್.”

ಬರೆದುಕೊಡುವುದೇನು ಬಂತು, ನನ್ನ ಬಳಿ ಸಿದ್ಧ ಪಟ್ಟಿಯೇ ಇತ್ತು. ಹದಿನೆಂಟು ವರ್ಷ ಉಜ್ಜಿ ನುಣುಪಾದ ಪಟ್ಟಿ. ಹೊರಗಿನವರಿಗೆ ಅದು ಹೆಸರುಗಳ ಸಾಲು, ಬಲ್ಲವರಿಗೆ ರಾಜತಂತ್ರ. ಯಾರ ಹಿಂದೆ ಯಾರು, ಯಾರಿಗೆ ‘ಕೃತಜ್ಞತೆ’, ಯಾರಿಗೆ ಬರೀ ‘ಧನ್ಯವಾದ’, ಯಾರಿಗೆ ಹೆಸರು ಮಾತ್ರ. ಒಮ್ಮೆ ಗ್ರಂಥಪಾಲಕರನ್ನು ತೋಟದವರ ನಂತರ ಹೇಳಿದ್ದಕ್ಕೆ ಎರಡು ತಿಂಗಳು ನನಗೊಂದು ಪುಸ್ತಕ ಸಿಗಲಿಲ್ಲ; ಕೇಳಿದ್ದೆಲ್ಲ ಬೈಂಡಿಂಗಿಗೆ ಹೋಗಿತ್ತು. ಅದನ್ನು ಪ್ರಿಂಟು ತೆಗೆದು, ಹೊಸ ಡೀನರ ಹೆಸರು ಸೇರಿಸಿ, ಬಾರದೆ ಕೈಕೊಟ್ಟ ದಿಲ್ಲಿಯ ವಿದ್ವಾಂಸರ ಹೆಸರಿನ ಮೇಲೆ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದೆ. ಹಾಗೆ ಗೆರೆ ಎಳೆಯುವುದರಲ್ಲಿ ಒಂದು ಸುಖವಿದೆ. “ನೋಡು ತಮ್ಮಾ, ಇದರಾಗ ಒಂದಕ್ಷರ ಸೇರಿಸಬ್ಯಾಡ, ಒಂದಕ್ಷರ ಬಿಡಬ್ಯಾಡ. ಒಬ್ಬರನ್ನ ಸೇರಿಸಿದರ ಇನ್ನೊಬ್ಬರು ಸಿಟ್ಟಾಗ್ತಾರ,” ಎಂದು ಎಚ್ಚರಿಸಿ ಕೊಟ್ಟೆ.

ಈಗ ಭಾಷಣ. ಹದಿನೆಂಟು ವರ್ಷ ಬೇರೆಯವರ ಭಾಷಣವನ್ನು ‘ಅತ್ಯಂತ ಚಿಂತನಶೀಲ’ ಎಂದು ಹೊಗಳಿದ ಬಾಯಿಯಿಂದ ಸ್ವಂತದ್ದೊಂದು ವಾಕ್ಯ ಹೊರಡಿಸುವುದು ಎಷ್ಟು ಕಷ್ಟವೆಂದು ಕುಳಿತಾಗ ತಿಳಿಯಿತು. ಬರೆದದ್ದೆಲ್ಲ ಮೂರನೆಯ ಸಾಲಿಗೆ ಯಾರಿಗಾದರೂ ಋಣಿಯಾಗಿಬಿಡುತ್ತಿತ್ತು. ಕೊನೆಗೆ ನನ್ನ ಹಳೆಯ ಟವೆಲನ್ನೇ ಹಿಡಿದೆ. ಹಳೆಯ ಕ್ಷೇತ್ರಕಾರ್ಯವನ್ನು ತಾಜಾ ಮಾಡಿಕೊಳ್ಳೋಣವೆಂದು ಒಂದು ದಿನ ರಜೆ ಹಾಕಿ ಸಾಸವಡದ ಸಂತೆಗೆ ಹೋದೆ. ಅಲ್ಲಿ ಟವೆಲುಗಳು ಹೆಗಲ ಮೇಲೆಯೇ ಇದ್ದವು, ಯಾರ ಕೈಯೂ ಅದರ ಕೆಳಗೆ ಹೋಗುತ್ತಿರಲಿಲ್ಲ. ಎಲ್ಲರೂ ಫೋನಿನಲ್ಲಿ ದರ ನೋಡುತ್ತಿದ್ದರು. ಇಡೀ ಸಂತೆಯಲ್ಲಿ ಬೆರಳಿನ ಭಾಷೆ ಬಲ್ಲವನು ನಾನೊಬ್ಬನೇ ಇದ್ದೆನೋ ಏನೋ. ಸೀತಾಫಲ ಮಾರುತ್ತಿದ್ದವಳ ಮುಂದೆ ಕುಳಿತು ಪೇರಲ ಹಣ್ಣಿನ ಬೆಲೆ ಕೇಳಬೇಕೆನ್ನುವಷ್ಟರಲ್ಲಿ ಅವಳು ನನ್ನ ಮುಖ ನೋಡಿ, ನಾನು ಒಂದು ಮಾತೂ ಆಡುವ ಮೊದಲೇ ಒಂದು ಕಿಲೋ ಸೀತಾಫಲ ತೂಗಿ, ಮೇಲೆ ಎರಡು ಹೆಚ್ಚಿಗೆ ಹಾಕಿ, “ಘ್ಯಾ ಬಾಬಾ” ಎಂದಳು. ತಗೊಳ್ಳಿ ಅಜ್ಜಾ ಎಂದ ಹಾಗೆ. ಕೇಳದೆ ಸಿಕ್ಕ ರಿಯಾಯಿತಿಯಂಥ ಅವಮಾನ ಇನ್ನೊಂದಿಲ್ಲ. ಆ ಎರಡನ್ನು ವಾಪಸು ತೆಗೆಸಲು ನಾನು ಅವಳೊಡನೆ ಕಾಲು ಗಂಟೆ ಚೌಕಾಸಿ ಮಾಡಿ ಸೋತೆ. ಮನೆಯಲ್ಲಿ ಶೈಲಾ ಹಣ್ಣು ತಿನ್ನುತ್ತ, “ಭಾಳ ರುಚಿ ಅದಾವ್ರಿ. ಇನ್ನೊಂದು ವರ್ಷ ಬಿಟ್ಟು ಹೋದರ ಬುಟ್ಟಿನಽ ಕೊಡ್ತಾಳಕಿ” ಎಂದಳು.

ಆದರೂ ಭಾಷಣ ಆಯಿತು. ಇಪ್ಪತ್ತೆರಡು ಪುಟ. ನನ್ನದನ್ನೇ ಓದಿಕೊಂಡು ಒಂದೆರಡು ಕಡೆ ‘ಅತ್ಯಂತ ಚಿಂತನಶೀಲ’ ಎಂದು ನಾನೇ ಅಂದುಕೊಂಡೆ.

ಸಂಕಿರಣದ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಪ್ರಾರ್ಥನೆ, ದೀಪ, ಶಾಲು, ತೆಂಗಿನಕಾಯಿ ಎಲ್ಲ ಆಯಿತು. ಶಾಲಿನ ತಟ್ಟೆ ಹಿಡಿದು ನಿಲ್ಲುವ ಅಭ್ಯಾಸದಿಂದ ಎದ್ದುಬಿಟ್ಟಿದ್ದೆ. ಬಾಯಿಯವರು ಕೈಸನ್ನೆ ಮಾಡಿ ಕೂರಿಸಿದರು. ನಿರೂಪಕಿ ಏನೋ ಪರಿಚಯ ಹೇಳಿದಳು. ಅದು ಯಾರಿಗೂ ಕೇಳಿಸಲಿಲ್ಲ, ಯಾಕೆಂದರೆ ಮುಖ್ಯ ಭಾಷಣಕ್ಕೆ ಮುಂಚಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ನಾನು ಹಾಳೆಗಳನ್ನು ಹಿಡಿದು ಮೈಕಿನ ಮುಂದೆ ಬಂದು ನಿಂತೆ. ಎಲ್ಲ ಭಾಷಣಕಾರರೂ ಮೊದಲಿಗೆ ಹೇಳುವ ಮಾತನ್ನೇ ಹೇಳಿದೆ: ಈ ಅವಕಾಶ ಕೊಟ್ಟ ವಿಭಾಗಕ್ಕೆ ನಾನು ಆಭಾರಿಯಾಗಿದ್ದೇನೆ.

ಅಷ್ಟು ಸಾಕಾಯಿತು. ಹಿಂದಿನ ಸಾಲಿನವರು ಎದ್ದರು. ಹದಿನೆಂಟು ವರ್ಷದಲ್ಲಿ ನಾನು ಮೈಕ್ ಹಿಡಿದು ‘ಆಭಾರ’ ಎಂದರೆ ಮುಗಿಯಿತು, ಊಟಕ್ಕೋ ಮನೆಗೋ ಹೊರಡಬಹುದು ಎಂದು ಅವರ ಕಾಲುಗಳಿಗೆ ಗೊತ್ತು; ತಲೆಯನ್ನು ಕೇಳುವ ಅಗತ್ಯವಿಲ್ಲ. ಅವರು ಎದ್ದದ್ದು ಕಂಡು ಅವರ ಮುಂದಿನವರು ಎದ್ದರು. ಬಾಗಿಲ ಕಡೆ ಜನ ಸರಿಯತೊಡಗಿದರು. ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ವಿದ್ಯಾರ್ಥಿನಿ ತಲೆಯೆತ್ತಿ ನೋಡಿದಳು: ಮೈಕಿನ ಮುಂದೆ ಆಭಾರ ಸರ್, ಸಭೆಯೆಲ್ಲ ಎದ್ದು ನಿಂತಿದೆ. ಆ ಹುಡುಗಿಯ ತಪ್ಪೇನೂ ಇಲ್ಲ. ರಾಷ್ಟ್ರಗೀತೆ ಹಾಕಿಬಿಟ್ಟಳು.

ರಾಷ್ಟ್ರಗೀತೆ ನಡೆಯುವಾಗ ಕೈಯೆತ್ತಿ ‘ನಿಲ್ಲಿಸಿ’ ಎನ್ನುವ ಧೈರ್ಯ ಯಾರಿಗಿದೆ? ಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟವರು ಹಾಗೆಯೇ ನಿಂತರು. ಬಾಯಿಯವರು ನಿಂತರು, ಕುಲಪತಿಗಳು ನಿಂತರು. ನಾನು ಇಪ್ಪತ್ತೆರಡು ಪುಟಗಳನ್ನು ತೊಡೆಗೆ ಒತ್ತಿಕೊಂಡು ನೆಟ್ಟಗೆ ನಿಂತೆ. ಗೀತೆ ಮುಗಿಯಿತು. ರಾಷ್ಟ್ರಗೀತೆಯ ನಂತರ ಸಭೆ ಮುಂದುವರಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಕುಲಪತಿಗಳು ಗಡಿಯಾರ ನೋಡಿ, ಕಾರ್ಯಕ್ರಮ ಇಷ್ಟು ಬೇಗ ಮುಗಿಸಿದ್ದಕ್ಕೆ ನನ್ನ ಬೆನ್ನು ತಟ್ಟಿ, ಕಾರು ಹತ್ತಿದರು.

ಹೊರಗೆ ಊಟದ ರತ್ನಾಕರ ಶೆಟ್ಟರು ಕೈಯಲ್ಲಿ ಸೌಟು ಹಿಡಿದು ಗಾಬರಿಯಾಗಿ ಬಂದರು. ಕುಂದಾಪುರದ ಕಡೆಯವರು, ನಮ್ಮ ಎಲ್ಲ ಸಮಾರಂಭಕ್ಕೂ ಅವರದೇ ಹೋಟೆಲಿನ ಊಟ. “ಎಂತದು ಸಾರ್ ಇದು! ಬಾಗಿಲಿಂದ ನೀವು ಮೈಕ್ ಹಿಡಿದದ್ದು, ಜನ ಎದ್ದದ್ದು ಕಂಡಿತು. ಅನ್ನಕ್ಕೆ ನೀರು ಇಟ್ಟದ್ದಷ್ಟೆ ಮಾರಾಯ್ರೆ. ಹತ್ತು ಮುಕ್ಕಾಲಿಗೆ ನಾನು ಎಂತ ಬಡಿಸುದು?”

ಬಾಯಿಯವರು ಬಂದವರೇ ತೀರ್ಪು ಕೊಟ್ಟರು: ಎಲ್ಲರಿಗೂ ಚಹಾ, ಆಮೇಲೆ ನೇರವಾಗಿ ಗೋಷ್ಠಿಗಳು, ಬಿರಾದಾರ ಸರ್ ಅವರ ಭಾಷಣ ಊಟದ ನಂತರ, ಎರಡೂಕಾಲಿಗೆ. ನಾನು ಹನ್ನೊಂದೂವರೆಗೆ ಕೇಳಿದೆ. ಹನ್ನೆರಡಕ್ಕೆ ಇಳಿದೆ. ಊಟಕ್ಕೆ ಮುಂಚೆ ಕಾಲು ಗಂಟೆಯಾದರೂ ಎಂದೆ. “ಎರಡೂಕಾಲು,” ಎಂದರು ಬಾಯಿಯವರು. ಪುಣೆಯನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಯ ಬಾಗಿಲು ಹಾಕಿಕೊಂಡು ಮಲಗುವುದನ್ನು ಜನ್ಮಸಿದ್ಧ ಹಕ್ಕೆಂದು ತಿಳಿದ ಊರು ಇದು. ಅಂಥ ಊರಿನಲ್ಲಿ, ಶೆಟ್ಟರ ಹೋಳಿಗೆ ಊಟದ ಮೇಲೆ, ಎರಡೂಕಾಲಿಗೆ ಭಾಷಣ.

ಸಭಾಂಗಣದಲ್ಲಿ ಹನ್ನೊಂದು ಜನರಿದ್ದರು. ಏಳು ಜನ ಐದು ನಿಮಿಷದೊಳಗೆ ಕುತ್ತಿಗೆ ಚೆಲ್ಲಿದರು. ನಾನು ಪೂರ್ತಿ ಓದಿದೆ. ಆಭಾರ ಎಂಬ ಪದವನ್ನು ಮಾತ್ರ ಕಡೆಯವರೆಗೂ ಬಾಯಿಗೆ ಬರದಂತೆ ನೋಡಿಕೊಂಡೆ. ಬಾಗಿಲಲ್ಲಿ ಒರಗಿ ನಿಂತು ಕೇಳುತ್ತಿದ್ದವರು ಒಬ್ಬರೇ, ರತ್ನಾಕರ ಶೆಟ್ಟರು. ಮುಗಿಸಿ ಇಳಿದಾಗ ಅವರು ಹೆಗಲ ಮೇಲಿನ ಟವೆಲನ್ನು ತೆಗೆದು ನನ್ನ ಕೈಮೇಲೆ ಹಾಕಿದರು. ಕೆಳಗಿನಿಂದ ನನ್ನ ಬೆರಳುಗಳನ್ನು ಹಿಡಿದು ಒತ್ತಿದರು, ಒಂದು, ಎರಡು, ಮತ್ತೊಂದು. “ನಮ್ಮ ಅಪ್ಪ ಮೀನಿನ ವ್ಯಾಪಾರದಲ್ಲಿ ಹೀಗೇ ಮಾಡ್ತಿದ್ರು ಸಾರ್. ನೀವು ಹೇಳಿದ್ದು ಸರಿ ಉಂಟು. ಆ ಲೆಕ್ಕ ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ.” ಅವರು ಒತ್ತಿದ್ದು ಯಾವ ದರವೆಂದು ನನಗೆ ತಿಳಿಯಲಿಲ್ಲ, ಸಮುದ್ರದ ಕಡೆಯ ಬೆರಳು ಬೇರೆ. ಆದರೂ ಆ ಒಂದು ಗಳಿಗೆ ಶನಿವಾರದ ಎಂಟು ಗಂಟೆಯ ತರಗತಿಗಳೆಲ್ಲ ವಸೂಲಾದವು ಅನ್ನಿಸಿತು.

ಇನ್ನು ಉಳಿದದ್ದು ಸಂಜೆ. ಭಾಷಣ ಹೇಗಾದರೂ ಹಾಳಾಗಲಿ, ಆಗಿದೆಯಲ್ಲ? ಹೆಸರು ಬರಲೇಬೇಕು. ಐದು ಗಂಟೆಗೆ ನಾನು ಮೊದಲ ಸಾಲಿನಲ್ಲಿ ಕುಳಿತೆ. ಅಂಗಿಯ ಸುಕ್ಕು ಎಳೆದುಕೊಂಡೆ. ಅರ್ಧ ಏಳುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಪೂರ್ತಿ ಎದ್ದರೆ ಮತ್ತೆ ಸಭೆ ಎದ್ದೀತೆಂಬ ಭಯವೂ ಇತ್ತು. ಚೇತನ ಮೈಕಿನ ಮುಂದೆ ಬಂದು ನನ್ನ ಪಟ್ಟಿ ಬಿಡಿಸಿದ. ಹುಡುಗ ಚೆನ್ನಾಗಿ ಓದಿದ. ಕುಲಪತಿಗಳಿಗೆ ಕೃತಜ್ಞತೆ. ಹೊಸ ಡೀನರಿಗೆ ಹೃತ್ಪೂರ್ವಕ. ಬಾಯಿಯವರಿಗೆ ಅನಂತ. ನಾನು ಕುರ್ಚಿಯ ಅಂಚಿಗೆ ಸರಿದೆ. ಮುಖ್ಯ ಭಾಷಣಕಾರರ ಹೆಸರು ಬರುವ ಜಾಗ ಅದು. ಚೇತನ ಗ್ರಂಥಪಾಲಕರಿಗೆ ಹೋದ. ಇರಲಿ, ಮುಂದೆ ಬರಬಹುದು. ತೋಟದವರು. ಮೈಕಿನವರು. ರತ್ನಾಕರ ಶೆಟ್ಟರು. ಜನರೇಟರಿನವರು. ‘ಮತ್ತು ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ನೆರವಾದ ಇತರ ಎಲ್ಲರಿಗೂ’ ಎಂದು ಹೇಳಿ ಹಾಳೆ ಮಡಚಿದ. ಆ ‘ಇತರ’ರ ಚೀಲಕ್ಕೆ ಹದಿನೆಂಟು ವರ್ಷಗಳಿಂದ ಎಷ್ಟೋ ಜನರನ್ನು ನಾನೇ ತುಂಬಿ ಬಾಯಿ ಹೊಲಿದಿದ್ದೇನೆ. ಒಳಗೆ ಹೇಗಿರುತ್ತದೆಂದು ಅಂದು ನೋಡಿದೆ. ಭಾಳ ಜನ ಇದ್ದರು.

ಮೆಟ್ಟಿಲ ಬಳಿ ಚೇತನನನ್ನು ಹಿಡಿದೆ. “ಯಾಕೋ ತಮ್ಮಾ, ನನ್ನ ಹೆಸರು?”

ಅವನ ಮುಖ ಬಿಳಿಚಿತು. ಪಟ್ಟಿಯನ್ನು ಬಿಡಿಸಿ ನನ್ನ ಮುಂದೆ ಹಿಡಿದ. “ಸರ್, ಇದ್ರಲ್ಲಿ ಇರ್ಲಿಲ್ಲ ಸರ್. ಒಂದಕ್ಷರ ಸೇರಿಸ್ಬೇಡ ಅಂತ ನೀವೇ ಹೇಳಿದ್ರಲ್ಲ. ನಾನು ಎರಡು ಸಲ ನೋಡ್ದೆ. ಇದ್ಯಾಕೆ ಹೀಗಿದೆ ಅಂದ್ಕೊಂಡೆ. ಆಮೇಲೆ, ಸರ್ ದೊಡ್ಡ ಮನಸ್ಸಿನವರು, ಬೇಕೂಂತ್ಲೇ ಬಿಟ್ಟಿರ್ಬೇಕು ಅಂತ...”

ಪಟ್ಟಿಯಲ್ಲಿ ದಿಲ್ಲಿಯವರ ಹೆಸರಿನ ಮೇಲೆ ಕೆಂಪು ಗೆರೆ ಅಂದವಾಗಿ ಎಳೆದಿತ್ತು. ಅದರ ಮುಂದೆ ನನ್ನ ಹೆಸರು ಬರೆಯಲು ಬೇಕಾದಷ್ಟು ಜಾಗ ಖಾಲಿ ಇತ್ತು. ಆ ಪಟ್ಟಿಯಲ್ಲಿ ನನ್ನ ಹೆಸರು ಎಂದೂ ಇರಲಿಲ್ಲವಾದ್ದರಿಂದ ಅಂದೂ ಇಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. “ಹೌದಪ್ಪಾ, ಬೇಕಂತನಽ ಬಿಟ್ಟಿದ್ದೆ. ನಿನ್ನ ಪರೀಕ್ಷಾ ಮಾಡಿದೆ,” ಎಂದೆ. ಅವನು ನಂಬಿ ನನ್ನ ಕಾಲಿಗೆ ಬಗ್ಗಿದ.

ಮರುದಿನ ಬೆಳಿಗ್ಗೆ ಬಾಯಿಯವರ ಸಂದೇಶ ಬಂತು: ಮುಂದಿನ ತಿಂಗಳ ಕಾರ್ಯಾಗಾರಕ್ಕೆ ವಂದನಾರ್ಪಣೆ ನಿಮ್ಮದೇ, ಚೇತನ ಮುಗಿಸಿದ್ದು ಯಾರಿಗೂ ತಿಳಿಯಲೇ ಇಲ್ಲ, ಜನ ಕುಳಿತೇ ಇದ್ದರು. ನಾನು ಪೆನ್ನು ಹಿಡಿದು ಪಟ್ಟಿಯ ಮುಂದೆ ಕುಳಿತೆ. ಈ ಸಲ ಬಿಡುವುದಿಲ್ಲ, ನಾನೇ ಓದುವುದಾದರೂ ಸರಿ, ನನ್ನ ಹೆಸರನ್ನು ಬರೆದೇಬಿಡುತ್ತೇನೆ ಎಂದುಕೊಂಡೆ. ಡೀನರ ಕೆಳಗೆ ಬರೆದೆ. ಅಲ್ಲಿ ಬಾಯಿಯವರು ಸಿಟ್ಟಾಗುತ್ತಾರೆ. ಬಾಯಿಯವರ ಕೆಳಗೆ ಇಳಿಸಿದೆ. ಗ್ರಂಥಪಾಲಕರು ಪುಸ್ತಕ ಬೈಂಡಿಂಗಿಗೆ ಕಳಿಸುತ್ತಾರೆ. ತೋಟದವರಿಗೂ ಮೈಕಿನವರಿಗೂ ನಡುವೆ ತೂರಿಸಲು ನೋಡಿದೆ. ಮೈಕಿನವರು ಎಲ್ಲಿ ಕೈಕೊಟ್ಟಾರೋ. ಶೆಟ್ಟರನ್ನು ಹಿಂದೆ ಹಾಕಲು ಮನಸ್ಸೊಪ್ಪಲಿಲ್ಲ. ಕೊನೆಗೆ ಉಳಿದವನು ಜನರೇಟರಿನವನು. ಹಾಳೆಯ ಮೇಲೆ ನಾನೂ ಅವನೂ ಎದುರುಬದುರು ಚೌಕಾಸಿಗೆ ಕುಳಿತೆವು. ವಿದ್ಯುತ್ತು ಹೋದರೆ ಸಭೆಗೆ ಅವನು ಬೇಕು. ನಾನು ಹೋದರೆ ಸಭೆ ಊಟಕ್ಕೆ ಏಳುವುದು ಸ್ವಲ್ಪ ತಡವಾದೀತು, ಅಷ್ಟೇ. ಎಷ್ಟು ಎಳೆದಾಡಿದರೂ ಅವನು ಜಗ್ಗಲಿಲ್ಲ. ನಾನು ಪೆನ್ನಿನ ಟೋಪಿ ಹಾಕಿ, ಅಡುಗೆಮನೆಯ ಕಡೆ ನೋಡಿ, ಚಹಾ ಕೇಳುವ ಮೊದಲು ಯಾವ ಬೇರೆ ವಿಷಯ ಎತ್ತಲಿ ಎಂದು ಯೋಚಿಸತೊಡಗಿದೆ.